ಕಾಂಕ್ರೀಟಿಗೂ ಮುಪ್ಪು ಬರುತ್ತದೆ ಸ್ವಾಮಿ!

ಅಣೆಕಟ್ಟೆಂದರೆ ಶಾಶ್ವತ, ಕಾಂಕ್ರೀಟು ಹಳೆಯದಾದಷ್ಟೂ ಗಟ್ಟಿ ಎಂದು ದೊಡ್ಡವರು ನಮಗೆ ಹೇಳುತ್ತಲೇ ಬಂದಿದ್ದಾರೆ. ಇದು ಅರ್ಧ ಸತ್ಯ. ಹಾಕಿದ ಮೇಲೆ ಎಷ್ಟೋ ವರ್ಷ ಕಾಂಕ್ರೀಟಿನ ಬಲ ಏರುತ್ತದೆ, ಒಪ್ಪಿದೆವು. ಇನ್ನರ್ಧ ಯಾಕೆ ಹೇಳೋದಿಲ್ಲ?

ಸಿಮೆಂಟಿನಲ್ಲಿ ಸೋಡಿಯಂ, ಪೊಟ್ಯಾಸಿಯಂಗಳ ಕ್ಷಾರವಿದೆ. ಕೆಲವು ಜಾತಿಯ ಜಲ್ಲಿಯಲ್ಲಿ (ಈ ದೇಶದಲ್ಲಿ ಕಲ್ಲಿಗೂ ಜಾತಿ ಅಂತಲೇ ಅನ್ನಬೇಕು ನೋಡಿ) ಆ ಕ್ಷಾರಕ್ಕೆ ಕರಗುವ ಸಿಲಿಕಾ ಇರುತ್ತದೆ. ಎರಡೂ ಸೇರಿದರೆ ಅಂಟಿನಂಥ ಪದಾರ್ಥ ಹುಟ್ಟಿ, ನೀರು ಕುಡಿದು ಉಬ್ಬುತ್ತದೆ. ಅಣೆಕಟ್ಟಿನಲ್ಲಿ ನೀರಿಗೇನು ಬರ? ವರ್ಷಗಟ್ಟಲೆ ಕುಡಿದು ಒಳಗಿಂದಲೇ ಒತ್ತುತ್ತದೆ. ಕೊನೆಗೆ ಒಣಗಿದ ಕೆರೆಯಂಗಳದ ಹಾಗೆ ಮೈಯೆಲ್ಲಾ ಬಿರುಕು. ಇದರ ಜೊತೆಗೆ ಜಿನುಗುವ ನೀರು ಒಳಗಿನ ಸುಣ್ಣವನ್ನು ಕರಗಿಸಿ ಹೊರಗೆ ತರುತ್ತದೆ. ಗೋಡೆಯ ಮೇಲಿನ ಆ ಬಿಳಿ ಕಲೆಯನ್ನು ಬಣ್ಣ ಹೊಡೆದು ಮುಚ್ಚಬಹುದು, ಮಂತ್ರಿಗಳು ಬಾಗಿನ ಬಿಡೋಕೆ ಬರೋ ದಿನಕ್ಕೆ!

ಉತ್ತರ ಪ್ರದೇಶದ ರಿಹಂದ್ ಅಣೆಕಟ್ಟನ್ನು ನೋಡಿ. 1954ರಲ್ಲಿ ಶಂಕುಸ್ಥಾಪನೆ, 1962ಕ್ಕೆ ಮುಗಿಯಿತು, 91 ಮೀಟರ್ ಎತ್ತರದ ಕಾಂಕ್ರೀಟು. ಅದು ಹೀಗೇ ಉಬ್ಬಿ ಬಿರುಕು ಬಿಟ್ಟಿತು, ವಿದ್ಯುದಾಗಾರದ ಯಂತ್ರಗಳು ಜಾಗ ತಪ್ಪಿದವು. ಇಂಜಿನಿಯರುಗಳು ಅಳೆದರು, ರಿಪೇರಿ ಮಾಡಿದರು. ಮಾಡಬೇಕಾದದ್ದೇ. ಆದರೆ ಆ ಜಲಾಶಯಕ್ಕಾಗಿ ಊರು ಬಿಟ್ಟ ಆದಿವಾಸಿಗಳು, ದಲಿತರು? ಸಿಂಗ್ರೌಲಿ ಸೀಮೆಯಲ್ಲಿ ಅವರಲ್ಲಿ ಎಷ್ಟೋ ಜನ ಕಲ್ಲಿದ್ದಲು ಗಣಿಗೆ, ಶಾಖೋತ್ಪನ್ನ ಸ್ಥಾವರಕ್ಕೆ ಅಂತ ಎರಡನೇ ಸಲ ಗಂಟುಮೂಟೆ ಕಟ್ಟಿದರು. ಯಂತ್ರ ಜಾಗ ತಪ್ಪಿದ್ದನ್ನು ಮಿಲಿಮೀಟರಿನಲ್ಲಿ ಅಳೆಯೋ ಸರ್ಕಾರಕ್ಕೆ ಮನುಷ್ಯರು ಜಾಗ ತಪ್ಪಿದ್ದು ಕಾಣಲಿಲ್ಲ.

ದೂರದ ಮಾತು ಅಂತೀರಾ? 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ಕಡಿದು ಕೊಚ್ಚಿಹೋಯ್ತು. ಅದು ಕಲ್ಲಿನ ಕಟ್ಟಡ, ಕಡಿದದ್ದು ಕಬ್ಬಿಣ, ಕಾಂಕ್ರೀಟಿನ ಮೇಲೆ ತಪ್ಪು ಹೊರಿಸೋದು ಬೇಡ. ಆದರೆ ಎಪ್ಪತ್ತು ದಾಟಿದ ಅಣೆಕಟ್ಟಿನಲ್ಲಿ ಯಾವುದು ಎಷ್ಟು ಸವೆದಿದೆ ಅಂತ ಕೆಳಗಿನ ಊರುಗಳಿಗೆ ಹೇಳಿದವರು ಯಾರು? ಹೊಳೆದಂಡೆಯ ತಗ್ಗಿನಲ್ಲಿ ಯಾರ ಕೇರಿ ಇರುತ್ತದೆ ಅಂತ ನಿಮಗೆ ಬೇರೆ ಹೇಳಬೇಕೆ?

ಅಣೆಕಟ್ಟು ಒಡೆಯಿರಿ ಅಂತ ನಾವು ಹೇಳ್ತಿಲ್ಲ. ನೀರು ನಮಗೂ ಬೇಕು. 2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂತು. ಮಳೆಗಾಲಕ್ಕೆ ಮುಂಚೆ, ಆಮೇಲೆ ತಪಾಸಣೆ ಮಾಡಬೇಕು, ತುರ್ತು ಯೋಜನೆ ಬರೆದಿಡಬೇಕು ಅಂತ ಅದರಲ್ಲಿದೆ. ಒಳ್ಳೆಯದೇ. ಆದರೆ ಆ ಕಾಯ್ದೆಯ ರಾಷ್ಟ್ರೀಯ ಸಮಿತಿಯಲ್ಲಿ ಅಧಿಕಾರಿಗಳಿಗೆ ಜಾಗವಿದೆ, ತಜ್ಞರಿಗಿದೆ. ಮುಳುಗಡೆಯಾದವರಿಗೆ, ಕೆಳಗೆ ಬದುಕುವವರಿಗೆ ಒಂದು ಕುರ್ಚಿಯನ್ನೂ ಇಟ್ಟಿಲ್ಲ. ಬಾಂಡ್ಲಿ ಹೊರೋಕೆ ಬೇಕಾದ ತಲೆಗಳು ಯೋಚನೆ ಮಾಡೋಕೆ ಬೇಡವಾದವೇ?

ಸಿವಿಲ್ ಓದುತ್ತಿರುವ ಹಾಸ್ಟೆಲ್ ಗೆಳೆಯರೇ, ಈ ಕೆಲಸ ನಿಮ್ಮದು. ನಿಮ್ಮ ಜಿಲ್ಲೆಯ ಅಣೆಕಟ್ಟಿನ ತಪಾಸಣಾ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಜಲ್ಲಿ ಯಾವ ಕ್ವಾರಿಯದು? ಕೊರೆದು ತೆಗೆದು ಪರೀಕ್ಷೆ ಮಾಡಿದ್ದಾರಾ? ವರ್ಷ ವರ್ಷ ಜಿನುಗು ಏರ್ತಾ ಇದೆಯಾ, ಇಳೀತಾ ಇದೆಯಾ? ಸಿಕ್ಕಿದ್ದನ್ನು ಕನ್ನಡಕ್ಕೆ ತಂದು ಹೊಳೆದಂಡೆಯ ಕೇರಿಗಳಲ್ಲಿ ಗಟ್ಟಿಯಾಗಿ ಓದಿ. ಕೊಡಲ್ಲ ಅಂದರೆ, ಯಾಕೆ ಕೊಡಲ್ಲ ಅಂತ ಬರವಣಿಗೆಯಲ್ಲಿ ಇಸಕೊಂಡು ಮುಂದಿನ ಸಭೆಗೆ ಬನ್ನಿ.