ಮನೆಯ ಪಾಠ ಮತ್ತು ಇತಿಹಾಸದ ಆಕರಗಳು: ಬೇಲಾಪುರದ ಹಿನ್ನೆಲೆಯಲ್ಲಿ

ನವಿ ಮುಂಬಯಿಯನ್ನು ನಿರ್ಮಿಸುವ ಸಲುವಾಗಿ ಸಿಡ್ಕೊ ಸಂಸ್ಥೆ 1970ರಲ್ಲಿ ಸ್ಥಾಪನೆಯಾಯಿತು. ಆ ನಗರದ ಆಡಳಿತ ಹಾಗೂ ವಾಣಿಜ್ಯದ ಕೇಂದ್ರವಾಗಿ ಬೆಳೆದ ಬೇಲಾಪುರದಲ್ಲಿಯೂ, ಅದರ ಸುತ್ತಣ ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿಯೂ ನೆಲೆಸಿದ ಕನ್ನಡ ಮನೆತನಗಳಲ್ಲಿ ಇಂದು ಎರಡನೆಯ, ಮೂರನೆಯ ತಲೆಮಾರು ಬೆಳೆಯುತ್ತಿದೆ. ಈ ಮಕ್ಕಳಲ್ಲಿ ಹೆಚ್ಚಿನವರ ಶಾಲೆಯ ಭಾಷೆ ಇಂಗ್ಲಿಷ್. 2020ರ ಕಾಯಿದೆಯ ಮೇರೆಗೆ ರಾಜ್ಯದ ಎಲ್ಲ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯವಾಗಿದೆ. ಅದು ಸಾಧುವೇ ಸರಿ, ನೆಲೆ ನಿಂತ ನಾಡಿನ ನುಡಿಯನ್ನು ಅರಿಯದೆ ಬಾಳುವುದು ಶೋಭಿಸುವ ಮಾತಲ್ಲ. ಆದರೆ ಇವೆಲ್ಲದರ ನಡುವೆ ಕನ್ನಡಕ್ಕೆ ಶಾಲೆಯ ವೇಳಾಪಟ್ಟಿಯಲ್ಲಿ ಎಡೆಯಿಲ್ಲ, ಕನ್ನಡ ನಾಡಿನ ಚರಿತ್ರೆಗೆ ಪಠ್ಯದಲ್ಲಿ ಒಂದೆರಡು ಪುಟಗಳಿಗಿಂತ ಹೆಚ್ಚಿನ ಅವಕಾಶವಿಲ್ಲ.

ಶಾಲೆಯನ್ನೇ ತೊರೆದು ಮಕ್ಕಳನ್ನು ಮನೆಯಲ್ಲಿಯೇ ಓದಿಸುವ ಕುಟುಂಬಗಳು ಎಲ್ಲೆಡೆಯಂತೆ ಇಲ್ಲಿಯೂ ವಿರಳ. ಅಂಥವರಿಗೆ 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲೆಯ ಪರೀಕ್ಷಾ ವ್ಯವಸ್ಥೆ ಆಸರೆಯಾಗಿದೆ. ಆದರೆ ಹೊರನಾಡಿನ ಕನ್ನಡಿಗನ ಮಟ್ಟಿಗೆ ಈ ವಿಂಗಡಣೆ ಅಷ್ಟು ಮುಖ್ಯವಲ್ಲ. ಮಗು ಶಾಲೆಗೆ ಹೋಗಲಿ, ಬಿಡಲಿ, ಅದರ ಕನ್ನಡವೂ ಕನ್ನಡದ ಚರಿತ್ರೆಯೂ ಮನೆಯಲ್ಲಿಯೇ ಕಲಿಯಬೇಕಾದವು. ಹಗಲು ಹೋಟೆಲುಗಳಲ್ಲಿ ದುಡಿದು ಇರುಳು ಅಕ್ಷರ ಕಲಿತ ಬಾಲಕರಿಗಾಗಿ ಮುಂಬಯಿಯ ಹಿರಿಯರು ಕಟ್ಟಿದ ಕನ್ನಡ ರಾತ್ರಿಶಾಲೆಗಳು ಒಂದು ಕಾಲದಲ್ಲಿ ಆ ಹೊಣೆಯನ್ನು ಹಂಚಿಕೊಂಡಿದ್ದವು. ಅವುಗಳಲ್ಲಿ ಹಲವು ಮುಚ್ಚಿಹೋದ ಮೇಲೆ ಹೊಣೆ ಪೂರ್ತಿಯಾಗಿ ತಾಯಿತಂದೆಯರ ಮೇಲೆ ಬಿದ್ದಿದೆ. ಅವರ ಕೈಯಲ್ಲಿರುವ ಸಾಧನವಾದರೂ ಯಾವುದು? ಪುಸ್ತಕದ ಅಂಗಡಿ ದೂರ, ಗ್ರಂಥಾಲಯ ಇನ್ನೂ ದೂರ. ಹತ್ತಿರವಿರುವುದು ಅಂತರಜಾಲವೊಂದೇ.

ಈ ಸಾಧನವನ್ನು ಅನುಮಾನದಿಂದ ಕಾಣುವ ವಿದ್ವಾಂಸರು ಅದರಲ್ಲಿ ಏನಿದೆಯೆಂಬುದನ್ನೂ ಗಮನಿಸಬೇಕು. ಬಿ. ಎಲ್. ರೈಸ್ 1886ರಲ್ಲಿ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳು, ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಮುಂಬಯಿ ಪ್ರಾಂತದ ಗ್ಯಾಸೆಟಿಯರುಗಳು, ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಫ್ಲೀಟ್ ಅವರ ಗ್ರಂಥ, ಶಿಲಾಹಾರರ ಶಾಸನಗಳನ್ನು ಒಟ್ಟುಗೂಡಿಸಿ ವಿ. ವಿ. ಮಿರಾಶಿ 1977ರಲ್ಲಿ ಪ್ರಕಟಿಸಿದ ಸಂಪುಟ ಇವೆಲ್ಲ ಇಂದು ಇಂಟರ್‌ನೆಟ್ ಆರ್ಕೈವ್‌ನಂತಹ ತಾಣಗಳಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆ. ‘ವಚನ ಸಂಚಯ’ದಲ್ಲಿ ಒಂದು ಪದವನ್ನು ಕೊಟ್ಟರೆ ಅದು ಬಂದಿರುವ ವಚನಗಳು ಸಾಲಾಗಿ ನಿಲ್ಲುತ್ತವೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಆ ಪ್ರದೇಶದ ಶಿಲಾಶಾಸನಗಳನ್ನು ಮೂರು ಆಯಾಮಗಳಲ್ಲಿ ಸೆರೆಹಿಡಿಯುವ ಕಾರ್ಯವನ್ನು ಕೈಗೊಂಡಿದೆ. ಹಿಂದೆ ಸಂಶೋಧಕನೊಬ್ಬ ತಿಂಗಳುಗಟ್ಟಲೆ ಅಲೆದು ಕಾಣುತ್ತಿದ್ದ ಆಕರ ಈಗ ಹತ್ತು ವರ್ಷದ ಬಾಲಕಿಯ ಅಂಗೈಗೆ ಬಂದಿದೆ. ಆಕರ ಕೈಗೆ ಬಂದಿತೆಂದರೆ ಅರಿವು ಬಂದಿತೆಂದಲ್ಲ. ನಿಜವಾದ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಡೊಂಬಿವಲಿಯ ಬಾಲಕನೊಬ್ಬ ಬಸವಣ್ಣನವರ ಕಲ್ಯಾಣವನ್ನು ಗಣಕದಲ್ಲಿ ಹುಡುಕಿದನೆನ್ನೋಣ. ಮೊದಲು ಕಾಣುವುದು ಅವನು ದಿನವೂ ಕಾಣುವ ರೈಲ್ವೆ ಜಂಕ್ಷನ್. ಅನುಭವ ಮಂಟಪ ತನ್ನ ಪಕ್ಕದ ಊರಿನಲ್ಲಿಯೇ ಇತ್ತೆಂದು ಅವನು ಹಿಗ್ಗಿದರೆ ತಪ್ಪೇನು? ಆ ಹಿಗ್ಗನ್ನು ಗದರಿಸಿ ಅಡಗಿಸುವ ಬದಲು ಅಲ್ಲಿಂದಲೇ ಪಾಠವನ್ನು ತೊಡಗುವುದು ಲೇಸು. ಕೊಂಕಣದ ಕಲ್ಯಾಣವೂ ಪ್ರಾಚೀನವೇ, ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ನಾವಿಕ ಗ್ರಂಥ ‘ಪೆರಿಪ್ಲಸ್’ ಅದನ್ನು ಬಂದರೆಂದು ಹೆಸರಿಸುತ್ತದೆ. ಕನ್ಹೇರಿಯ ಗುಹೆಗಳಿಗೆ ದಾನವಿತ್ತವರಲ್ಲಿ ಕಲ್ಯಾಣದವರೂ ಇದ್ದಾರೆ. ಚಾಲುಕ್ಯರ ರಾಜಧಾನಿಯಾಗಿದ್ದು ಹನ್ನೆರಡನೆಯ ಶತಮಾನದಲ್ಲಿ ಶರಣರ ನೆಲೆಯಾದ ಕಲ್ಯಾಣವಾದರೋ ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. ಹೆಸರು ಒಂದು, ಊರು ಎರಡು, ಚರಿತ್ರೆಯೂ ಎರಡು. ಬೇಲಾಪುರದ ಹೆಸರಿಗೂ ಇದೇ ಮಾತು ಸಲ್ಲುತ್ತದೆ. 1117ರಲ್ಲಿ ವಿಷ್ಣುವರ್ಧನನು ಚೆನ್ನಕೇಶವನನ್ನು ಪ್ರತಿಷ್ಠಿಸಿದ ಬೇಲೂರಿಗೆ ಶಾಸನಗಳಲ್ಲಿ ವೇಲಾಪುರವೆಂಬ ಹೆಸರುಂಟು. ಧ್ವನಿಸಾಮ್ಯವನ್ನೇ ನೆಚ್ಚಿ ಕೊಲ್ಲಿಯ ದಂಡೆಯ ಊರನ್ನು ಹೊಯ್ಸಳರಿಗೆ ಒಪ್ಪಿಸಿಬಿಡುವುದು ಸುಲಭ, ಅದು ಚರಿತ್ರೆಯಲ್ಲ. ಹೆಸರಿನ ಹೋಲಿಕೆ ಪ್ರಶ್ನೆಗೆ ಕಾರಣವಾಗಬಹುದು, ಪ್ರಮಾಣವಾಗಲಾರದು. ಇಷ್ಟನ್ನು ಎಳವೆಯಲ್ಲಿ ತಿಳಿದ ಮಗು ಮುಂದೆ ಅನೇಕ ಪ್ರಮಾದಗಳಿಂದ ಪಾರಾಗುತ್ತದೆ.

ಈ ಎಚ್ಚರ ಇಂದು ತುರ್ತಿನದು. ಆಕರವಿಲ್ಲದ, ಬರೆದವನ ಹೆಸರಿಲ್ಲದ ಚರಿತ್ರೆಯ ತುಣುಕುಗಳು ಮೊಬೈಲಿನಿಂದ ಮೊಬೈಲಿಗೆ ಹರಿದು ಮನೆಯೊಳಗೆ ಬರುತ್ತಿವೆ. ಒಂದು ಸಂದೇಶ ಮುಂಬಯಿಯೆಲ್ಲ ಕನ್ನಡಿಗರದಾಗಿತ್ತೆಂದು ಸಾರಿದರೆ ಮತ್ತೊಂದು ಕನ್ನಡಿಗರು ಇಲ್ಲಿಗೆ ನಿನ್ನೆ ಬಂದವರೆಂದು ಹಂಗಿಸುತ್ತದೆ. ಗಡಿಯ ವಿವಾದ ಇನ್ನೂ ನ್ಯಾಯಾಲಯದಲ್ಲಿರುವಾಗ ಮರಾಠಿ ಗೆಳೆಯರ ನಡುವೆ ಬೆಳೆಯುವ ಕನ್ನಡದ ಮಗುವಿಗೆ ಇವೆರಡೂ ಕೇಡು. ಮೊದಲನೆಯದು ಅದನ್ನು ಜಗಳಗಂಟನನ್ನಾಗಿಸುತ್ತದೆ, ಎರಡನೆಯದು ಕೀಳರಿಮೆಗೆ ತಳ್ಳುತ್ತದೆ. ಇವೆರಡಕ್ಕೂ ಮದ್ದು ಮೂಲ ಆಕರವೇ.

ಕನ್ಹೇರಿಯನ್ನೇ ನೋಡಬಹುದು. ಉತ್ತರ ಕೊಂಕಣದ ಶಿಲಾಹಾರರಾದ ಪುಲ್ಲಶಕ್ತಿ, ಕಪರ್ದಿ ಇವರ ಕಾಲದ ಶಾಸನಗಳು ರಾಷ್ಟ್ರಕೂಟ ಅಮೋಘವರ್ಷನನ್ನು ಸಾರ್ವಭೌಮನೆಂದು ಹೆಸರಿಸುತ್ತವೆ. ಅವುಗಳಲ್ಲೊಂದು ಶಕ 799ರದು, ಎಂದರೆ ಕ್ರಿ.ಶ. 877ರ ಸುಮಾರಿನದು. ಶ್ರೀವಿಜಯನ ‘ಕವಿರಾಜಮಾರ್ಗ’ಕ್ಕೆ ಆಶ್ರಯವಿತ್ತ ದೊರೆಯ ಹೆಸರು ಬೋರಿವಲಿಯ ಕಾಡಿನ ಗುಹೆಯಲ್ಲಿದೆಯೆಂಬುದು ಮಗುವಿಗೆ ರೋಮಾಂಚನದ ಸಂಗತಿ. ಜೊತೆಗೆ ಅದು ಅರಿಯಬೇಕಾದ ಇನ್ನಷ್ಟು ವಿಷಯಗಳಿವೆ: ಶಾಸನದ ಭಾಷೆ ಸಂಸ್ಕೃತ; ದತ್ತಿ ಸಂದಿರುವುದು ಬೌದ್ಧ ಭಿಕ್ಷುಗಳಿಗೆ; ಅವರ ವಸ್ತ್ರಕ್ಕೆ, ಗ್ರಂಥಗಳಿಗೆ, ವಿಹಾರದ ಜೀರ್ಣೋದ್ಧಾರಕ್ಕೆ. ಒಬ್ಬ ಅರಸನ ಆಳ್ವಿಕೆ ಒಂದು ಭಾಷೆಯ, ಒಂದು ಮತದ ಆಳ್ವಿಕೆಯಾಗಿರಲಿಲ್ಲವೆಂಬ ತಿಳಿವು ಆ ಕಲ್ಲಿನಿಂದಲೇ ಮೂಡುತ್ತದೆ.

ಇನ್ನೊಂದು ನಿದರ್ಶನ ಶ್ರವಣಬೆಳಗೊಳದ್ದು. ಗೊಮ್ಮಟನ ಪಾದದ ಬಳಿ ಚಾವುಂಡರಾಯನು ಆ ಮೂರ್ತಿಯನ್ನು ಮಾಡಿಸಿದನೆಂಬ ಒಂದೇ ಸಂಗತಿ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ನಾಗರಿ ಲಿಪಿಯ ಮರಾಠಿಯಲ್ಲಿಯೂ ಇದೆ. ರೈಸ್ ಅವರು 1889ರಲ್ಲಿ ಹೊರತಂದು, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಸಂಪುಟದಲ್ಲಿ ಇವುಗಳ ಪಾಠ ದೊರೆಯುತ್ತದೆ. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಕಲಿಯುವ ಬೇಲಾಪುರದ ಮಗು ಎರಡು ಸಾಲುಗಳನ್ನೂ ಅಕ್ಷರ ಕೂಡಿಸಿ ಓದಬಲ್ಲದು. ಬೆಂಗಳೂರಿನ ಮಗುವಿಗೆ ಈ ಭಾಗ್ಯ ಸುಲಭವಲ್ಲ. ನಾಗರಿಯ ಸಾಲನ್ನು ಮರಾಠಿಯ ಅತ್ಯಂತ ಹಳೆಯ ಶಾಸನಗಳಲ್ಲಿ ಎಣಿಸುವವರಿದ್ದಾರೆ, ಅದು ಕೊಂಕಣಿಯೆನ್ನುವವರೂ ಇದ್ದಾರೆ. ಸುತ್ತಾಲಯವನ್ನು ಮಾಡಿಸಿದ ಗಂಗರಾಜನ ಸಾಲಿನ ಲಿಪಿಯೂ ಅದೇ ಬಗೆಯದಾದ್ದರಿಂದ ಎರಡನ್ನೂ ಹನ್ನೆರಡನೆಯ ಶತಮಾನದ ಆದಿಯಲ್ಲಿ ಕೆತ್ತಿರಬೇಕೆಂಬ ಅಭಿಪ್ರಾಯವೂ ಇದೆ. ವಿದ್ವಾಂಸರು ಏಕೆ ಒಪ್ಪುವುದಿಲ್ಲ ಎಂಬ ಪ್ರಶ್ನೆಯನ್ನು ಮಗು ಕೇಳಿತೆಂದರೆ ಇತಿಹಾಸದ ಪಾಠ ನಿಜವಾಗಿ ಆರಂಭವಾದಂತೆ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ತಾಯಿತಂದೆಯರು ಶಾಸನತಜ್ಞರಲ್ಲ, ಎಷ್ಟೋ ಮಂದಿಗೆ ಕನ್ನಡ ಲಿಪಿಯೇ ಮರೆತಿದೆ ಎನ್ನುವುದು ಮೊದಲನೆಯದು. ಅದು ದಿಟ, ಆದರೆ ಮಗುವಿನೊಡನೆ ಕುಳಿತು ಕಲಿಯುವ ತಾಯಿ ಎಲ್ಲ ಬಲ್ಲವಳಾಗಿರಬೇಕಿಲ್ಲ. ಇದು ಯಾರ ಮಾತು, ಯಾವಾಗ ಬರೆದದ್ದು, ಅವರಿಗೆ ಹೇಗೆ ತಿಳಿಯಿತು ಎಂಬ ಮೂರು ಪ್ರಶ್ನೆಗಳನ್ನು ಬಿಡದೆ ಕೇಳಿದರೆ ಸಾಕು. ಹಳೆಯ ಗ್ಯಾಸೆಟಿಯರುಗಳು ವಸಾಹತು ಅಧಿಕಾರಿಗಳ ಕಣ್ಣಿನಿಂದ ಕಂಡ ನಾಡನ್ನು ಚಿತ್ರಿಸುತ್ತವೆ, ಜಾತಿಗಳ ವರ್ಣನೆಯಲ್ಲಿ ಅವರ ಪೂರ್ವಗ್ರಹ ಎದ್ದುಕಾಣುತ್ತದೆ ಎನ್ನುವುದು ಎರಡನೆಯದು. ಈ ಮೂರು ಪ್ರಶ್ನೆಗಳನ್ನು ಮೊದಲು ಹಾಕಬೇಕಾದುದು ಆ ಗ್ರಂಥಗಳಿಗೇ. ಪರದೆಯ ಮುಂದೆ ಮಗು ಒಂಟಿಯಾಗುತ್ತದೆಂಬುದು ಮೂರನೆಯದು, ಇದನ್ನು ಅಲ್ಲಗಳೆಯಲಾಗದು. ಆದುದರಿಂದಲೇ ಪರದೆಯಲ್ಲಿ ಓದಿದ್ದನ್ನು ಕನ್ಹೇರಿಯಲ್ಲಿಯೋ, ಶಿಲಾಹಾರ ಮುಮ್ಮುಣಿಯ ಶಕ 982ರ ಶಾಸನವಿರುವ ಅಂಬರನಾಥ ದೇವಾಲಯದಲ್ಲಿಯೋ ನಿಂತು ಕಣ್ಣಾರೆ ಕಾಣುವುದು ಪಾಠದ ಅಂಗವಾಗಬೇಕು. ಎರಡೂ ಲೋಕಲ್ ರೈಲಿನಲ್ಲಿ ಹೋಗಿ ಸಂಜೆಯೊಳಗೆ ಮರಳಬಹುದಾದ ತಾಣಗಳು.

ಕೊನೆಗೆ ಹೊಣೆಯ ಮಾತು. ಆಕರಗಳು ರಾಶಿಯಾಗಿ ಬಿದ್ದಿವೆ. ಅವನ್ನು ಮಗುವಿನ ಅಳವಿಗೆ ತಂದು, ಒಂದು ಶಾಸನಕ್ಕೆ ಒಂದು ಪುಟದಂತೆ ಪಾಠ, ಸರಳ ಗದ್ಯಾನುವಾದ, ಸ್ಥಳಪರಿಚಯ, ನಾಲ್ಕು ಪ್ರಶ್ನೆ ಇಷ್ಟನ್ನು ಅಣಿಮಾಡಿಕೊಡುವವರು ಬೇಕು. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಿಗಿಂತ, ವಿಶೇಷತಃ ಹೊರನಾಡಿನ ವಿಭಾಗಗಳಿಗಿಂತ, ಈ ಕಾರ್ಯಕ್ಕೆ ತಕ್ಕವರು ಬೇರೆಯಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ವರ್ಷಕ್ಕೆ ಎರಡು ಶಾಸನಗಳನ್ನು ಹೀಗೆ ಸಿದ್ಧಪಡಿಸಿದರೂ ಕೆಲವೇ ವರ್ಷಗಳಲ್ಲಿ ಮನೆಮನೆಗೂ ಉಪಯೋಗವಾಗುವ ಒಂದು ಕೈಪಿಡಿ ರೂಪುಗೊಳ್ಳುತ್ತದೆ. ಅದರಿಂದ ವಿಭಾಗಕ್ಕೂ ಲಾಭವುಂಟು: ಇಂದು ಬೇಲಾಪುರದ ಮನೆಯಲ್ಲಿ ಹಳಗನ್ನಡದ ಒಂದು ಸಾಲನ್ನು ತಡವರಿಸಿ ಓದಿದ ಮಗುವೇ ಮುಂದೊಂದು ದಿನ ಕನ್ನಡ ಎಂ.ಎ. ತರಗತಿಯ ಬಾಗಿಲಿಗೆ ಬರಬಹುದು. ಆ ಬಾಗಿಲಿಗೆ ಬರುವವರು ಕಡಮೆಯಾಗುತ್ತಿದ್ದಾರೆಂದು ಕೊರಗುವ ವಿಭಾಗಗಳು ಕೆಲಸವನ್ನು ಆ ಮನೆಯಿಂದಲೇ ಆರಂಭಿಸುವುದು ಉಚಿತ.