ಹೊಟ್ಟೆನೋವೂ ಚಾಟ್‌ಬಾಟೂ

ಊರು ಬಿಟ್ಟು ದೌಂಡಕ್ಕೆ ಬಂದು ನೆಲೆಸಿದ ನಮ್ಮಂಥವರಿಗೆ ಡಾಕ್ಟರ ಎದುರು ಮೊದಲ ಕಷ್ಟ ರೋಗದ್ದಲ್ಲ, ಮಾತಿನದ್ದು. ಇಲ್ಲಿಯ ಮರಾಠಿಯಲ್ಲಿ ‘ಪಿತ್ತ’ ಅಂದರೆ ಆಸಿಡಿಟಿ. ಮೈಮೇಲೆ ಏಳುವ ಗಂಧೆಗೂ ಪಿತ್ತವೇ. ನಮ್ಮಲ್ಲೋ, ತಲೆ ಸುತ್ತಿದರೂ ಪಿತ್ತ, ಸೊಕ್ಕಿನಿಂದ ಆಡಿದರೂ ಪಿತ್ತ ನೆತ್ತಿಗೇರಿದೆ ಅನ್ನುತ್ತೇವೆ! ಹೀಗಿರುವಾಗ ಮೊಬೈಲಿನ ಚಾಟ್‌ಬಾಟ್ ಕನ್ನಡದಲ್ಲೇ ಉತ್ತರ ಕೊಡುತ್ತದೆ. ರಾತ್ರಿ ಎರಡು ಗಂಟೆಗೆ ಕೇಳಿದರೂ ಬೇಸರಿಸುವುದಿಲ್ಲ. ದೊಡ್ಡ ಡಾಕ್ಟರಿಗೆ ತೋರಿಸಬೇಕೆಂದರೆ ಸುಮಾರು 75 ಕಿ.ಮೀ. ದೂರದ ಪುಣೆಗೆ ಗಾಡಿ ಹತ್ತಬೇಕು, ಒಂದು ದಿನದ ದುಡಿಮೆ ಹೋಯಿತು. ಜನ ಮೊಬೈಲನ್ನೇ ಕೇಳುತ್ತಾರೆ ಅಂದರೆ ಆಶ್ಚರ್ಯವೇನು?

ಆದರೆ ಆ ಉತ್ತರವನ್ನು ಎಷ್ಟು ನಂಬಬಹುದು?

2023ರಲ್ಲಿ ಅಮೆರಿಕದ ಸಂಶೋಧಕರು ಅಲ್ಲಿಯ ಜೀರ್ಣಾಂಗ ತಜ್ಞರ ಸಂಘದ ಪರೀಕ್ಷೆಯ 455 ಪ್ರಶ್ನೆಗಳನ್ನು ಚಾಟ್‌ಜಿಪಿಟಿಗೆ ಕೊಟ್ಟು ನೋಡಿದರು. ಪಾಸಾಗಲು ಶೇ. 70 ಬೇಕು. ಆಗಿನ ಹಳೆಯ ಆವೃತ್ತಿಗೆ ಬಂದದ್ದು ಶೇ. 65.1, ಹೊಸದಕ್ಕೆ ಶೇ. 62.4. ಎರಡೂ ಫೇಲ್! ಅದು ಹಳೆಯ ಮಾತಾಯಿತು, ಆಮೇಲೆ ಬಂದವು ಇನ್ನೂ ಜಾಣ, ಒಪ್ಪೋಣ. ಆದರೆ 2025ರಲ್ಲಿ ಆಕ್ಸ್‌ಫರ್ಡಿನವರು ಬ್ರಿಟನ್ನಿನ 1,298 ಜನರನ್ನಿಟ್ಟುಕೊಂಡು ಮಾಡಿದ ಅಧ್ಯಯನ ನೋಡಿ. ರೋಗಿಯ ಪೂರ್ತಿ ವಿವರವನ್ನು ನೇರವಾಗಿ ಕೊಟ್ಟಾಗ ಚಾಟ್‌ಬಾಟ್‌ಗಳು ಶೇ. 94.9ರಷ್ಟು ಸಲ ಕಾಯಿಲೆಯನ್ನು ಸರಿಯಾಗಿ ಗುರುತಿಸಿದವು. ಅದೇ ಚಾಟ್‌ಬಾಟ್‌ಗಳನ್ನು ಸಾಮಾನ್ಯ ಜನ ತಾವೇ ಪ್ರಶ್ನೆ ಕೇಳಿ ಬಳಸಿದಾಗ ಅದು ಶೇ. 34.5ಕ್ಕಿಂತ ಕೆಳಗೆ ಇಳಿಯಿತು! ಯಾವುದನ್ನು ಹೇಳಬೇಕು ಅನ್ನುವುದೇ ಎಷ್ಟೋ ಜನಕ್ಕೆ ತಿಳಿಯಲಿಲ್ಲ. ಇಂಗ್ಲಿಷಿನವರ ಗತಿಯೇ ಇದಾದರೆ ‘ಹೊಟ್ಟೆಯಲ್ಲಿ ಒಂಥರಾ ಆಗ್ತದೆ’ ಅನ್ನುವ ನಮ್ಮ ಗತಿ?

ನಮ್ಮ ಓಣಿಯ ಹುಡುಗನೊಬ್ಬನ ಕತೆ ಕೇಳಿ. ಕೊಲೊನೋಸ್ಕೋಪಿಯಲ್ಲಿ ಸಣ್ಣ ಕರುಳು ದೊಡ್ಡ ಕರುಳು ಸೇರುವ ಜಾಗದಲ್ಲಿ ಹುಣ್ಣು ಕಂಡಿತು. ಬಯಾಪ್ಸಿ ರಿಪೋರ್ಟ್ ಬರುವ ಮೊದಲೇ ಅವನು ಮೊಬೈಲನ್ನು ಕೇಳಿದ. ‘ಕ್ರೋನ್ಸ್ ಕಾಯಿಲೆ ಇರಬಹುದು, ಸ್ಟೀರಾಯ್ಡ್ ಕೊಡುತ್ತಾರೆ’ ಅಂತ ಉತ್ತರ. ಮನೆಯವರು ಮೆಡಿಕಲ್ ಶಾಪಿನಲ್ಲಿ ಆ ಮಾತ್ರೆ ವಿಚಾರಿಸಿಯೂ ಆಗಿತ್ತು. ಸಂಜೆ ಜ್ವರ ಬರುತ್ತದೆ, ಅದೇ ಮನೆಯಲ್ಲಿರುವ ಕಾಕಾ ಟಿ.ಬಿ. ಔಷಧಿ ತೆಗೆದುಕೊಂಡವರು ಅನ್ನುವುದನ್ನು ಅವನು ಬರೆದಿರಲಿಲ್ಲ. ಯಂತ್ರ ಕೇಳಲೂ ಇಲ್ಲ. ಕೇಳಿದವರು ಡಾಕ್ಟರು. ಕೊನೆಗೆ ಅದು ಕರುಳಿನ ಟಿ.ಬಿ.

ಈ ಎರಡು ಕಾಯಿಲೆ ನೋಡಲು ಅಣ್ಣತಮ್ಮಂದಿರ ಹಾಗೆ. ಹೊಟ್ಟೆನೋವು, ತೂಕ ಇಳಿಯುವುದು, ಕರುಳಿನ ಹುಣ್ಣು ಎರಡರಲ್ಲೂ ಉಂಟು. ಆದರೆ ಟಿ.ಬಿ. ಇದ್ದವನಿಗೆ ಬರೀ ಸ್ಟೀರಾಯ್ಡ್ ಕೊಟ್ಟರೆ ರೋಗ ಮೈಯೆಲ್ಲ ಹರಡಬಹುದು. ಅದಕ್ಕೇ ಖಚಿತವಾಗದಿದ್ದಾಗ ಮೊದಲು ಟಿ.ಬಿ. ಔಷಧಿ ಕೊಟ್ಟು ಎರಡು ಮೂರು ತಿಂಗಳು ನೋಡುವ ರೂಢಿ ನಮ್ಮ ದೇಶದ ವೈದ್ಯರಲ್ಲಿದೆ. ಲಂಡನ್ನಿನಲ್ಲಿ ಕೂತವನಿಗೆ ಸರಿಯಾದ ಉತ್ತರ ದೌಂಡದಲ್ಲಿ ಕೂತವನಿಗೆ ಅಪಾಯ ಆಗಬಹುದು. ಟಿ.ಬಿ.ಗಾದರೆ ಸಾಮಾನ್ಯವಾಗಿ ಆರು ತಿಂಗಳ ಔಷಧಿ, ಸರ್ಕಾರವೇ ಪುಕ್ಕಟೆ ಕೊಡುತ್ತದೆ.

ಹಾಗಂತ ಮೊಬೈಲು ಮುಟ್ಟಬೇಡಿ ಅನ್ನುವವನು ನಾನಲ್ಲ. ಮೂರು ನಿಮಿಷದಲ್ಲಿ ಚೀಟಿ ಬರೆದು ಕಳಿಸುವ ಡಾಕ್ಟರಿಗಿಂತ ಅದು ರಿಪೋರ್ಟನ್ನು ಚೆನ್ನಾಗಿಯೇ ಬಿಡಿಸಿ ಹೇಳುತ್ತದೆ. ನನ್ನ ಅಭಿಪ್ರಾಯ ಇಷ್ಟೇ: ಡಾಕ್ಟರನ್ನು ಏನೇನು ಕೇಳಬೇಕು ಅನ್ನುವುದಕ್ಕೆ ಅದನ್ನು ಬಳಸಿ, ಯಾವ ಮಾತ್ರೆ ನುಂಗಬೇಕು ಅನ್ನುವುದಕ್ಕೆ ಬೇಡ. ಕೇಳುವಾಗ ವಯಸ್ಸು, ಎಷ್ಟು ದಿನದಿಂದ, ಜ್ವರ, ತೂಕ, ಮನೆಯಲ್ಲಿ ಯಾರಿಗೇನಿತ್ತು, ಈಗ ಯಾವ ಔಷಧಿ ನಡೆದಿದೆ, ಎಲ್ಲ ಬರೆಯಿರಿ. ಮಲದಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ನುಂಗಲು ಕಷ್ಟ, ಕಾರಣವಿಲ್ಲದೆ ಇಳಿಯುವ ತೂಕ ಇದ್ದರೆ ಮೊಬೈಲು ಬದಿಗಿಟ್ಟು ಡಾಕ್ಟರಲ್ಲಿಗೆ ನಡೆಯಿರಿ. ಬೆವರಿನ ಜೊತೆ ಎದೆನೋವು ಬಂದರಂತೂ ‘ಗ್ಯಾಸ್’ ಅಂತ ಕೂರದೆ ಆಗಿಂದಾಗಲೇ ಆಸ್ಪತ್ರೆಗೆ ಓಡಿ.

ನಿಮ್ಮ ಊರಲ್ಲಿ ಹೇಗೆ ನಡೆದಿದೆ? ಏನಂತೀರಿ?