ಎರಡನೇ ಲೆನ್ಸಿಗೆ ದುಡ್ಡಿದೆಯಾ?

ಬಿ.ಇ. ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಪ್ರತಿ ಕ್ಲಾಸಿನಲ್ಲೂ ನಾಲ್ಕೈದು ಮಂದಿಗೆ ಕ್ಯಾಮೆರಾ ಹುಚ್ಚು ಹಿಡಿದಿರುತ್ತದೆ. ಹಾಸ್ಟೆಲಿನಲ್ಲಿ ರಾತ್ರಿ ಊಟವಾದ ಮೇಲೆ ಮೊಬೈಲ್ ಹಿಡಿದು ಕೂತರೆ ರಿವ್ಯೂ ವಿಡಿಯೊಗಳದ್ದೇ ಮೆರವಣಿಗೆ. ಎಷ್ಟು ನೋಡಿದರೂ ಕೊನೆಗೆ ಬಂದು ನಿಲ್ಲುವ ಪ್ರಶ್ನೆ ಒಂದೇ: ಕಾಂಪ್ಯಾಕ್ಟ್ ತಗೊಳ್ಳೋದಾ, ಮಿರರ್‌ಲೆಸ್ ತಗೊಳ್ಳೋದಾ? ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ‘ತಗೊಂಡ್ರೆ ಮಿರರ್‌ಲೆಸ್ಸೇ ತಗೋ ಮಗಾ, ಕಾಂಪ್ಯಾಕ್ಟ್ ಎಲ್ಲ ಅಂಕಲ್‌ಗಳ ಕಾಲದ್ದು.’

ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಎರಡನೇ ಲೆನ್ಸ್ ಕೊಳ್ಳಲು ದುಡ್ಡೂ ಇಲ್ಲದೆ, ಕಾರಣವೂ ಇಲ್ಲದೆ ಮಿರರ್‌ಲೆಸ್ ಕೊಂಡವರು ದೊಡ್ಡ ಗಾತ್ರದ, ದುಬಾರಿ ಕಾಂಪ್ಯಾಕ್ಟ್ ಕೊಂಡಿದ್ದಾರೆ ಅಷ್ಟೇ ಎಂಬುದು ನನ್ನ ವಾದ. ಇದು ಬರೀ ಮಾತಲ್ಲ, ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ.

ಕನ್ನಡಿ ಎರಡರಲ್ಲೂ ಇಲ್ಲ

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ಡಿಎಸ್‌ಎಲ್‌ಆರ್ ಕ್ಯಾಮೆರಾದೊಳಗೆ ಓರೆಯಾಗಿ ನಿಂತ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ, ನಾವು ಕಣ್ಣಿಡುವ ಕಿಂಡಿಯತ್ತ ತಿರುಗಿಸುತ್ತದೆ. ಬಟನ್ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಬೆಳಕು ಸೆನ್ಸರ್ ಮೇಲೆ ಬೀಳುತ್ತದೆ. ಆ ಕನ್ನಡಿಯನ್ನು ತೆಗೆದುಹಾಕಿ, ಸೆನ್ಸರ್ ಕಂಡದ್ದನ್ನು ನೇರವಾಗಿ ಪರದೆಯ ಮೇಲೆ ತೋರಿಸಿದರೆ ಅದೇ ಮಿರರ್‌ಲೆಸ್. 2008ರಲ್ಲಿ ಪ್ಯಾನಸಾನಿಕ್ ಕಂಪನಿಯ ಲುಮಿಕ್ಸ್ ಜಿ1 ಬಂದ ಮೇಲೆ ಈ ಬಗೆಯ ಕ್ಯಾಮೆರಾಗಳ ಕಾಲ ಶುರುವಾಯಿತು. 2013ರಲ್ಲಿ ಸೋನಿ ಎ7 ಬಂದಾಗ ದೊಡ್ಡ ಫುಲ್‌ಫ್ರೇಮ್ ಸೆನ್ಸರ್ ಕೂಡ ಇದರೊಳಗೆ ಕೂತಿತು.

ಆದರೆ ಯೋಚಿಸಿ ನೋಡಿ, ಕಾಂಪ್ಯಾಕ್ಟ್ ಡಿಜಿಟಲ್ ಕ್ಯಾಮೆರಾದಲ್ಲೂ ಕನ್ನಡಿ ಇರಲಿಲ್ಲ. ಅದೂ ಹುಟ್ಟಿನಿಂದಲೇ ‘ಮಿರರ್‌ಲೆಸ್’! ಹಾಗಾಗಿ ಎರಡರ ನಡುವೆ ಉಳಿಯುವ ದೊಡ್ಡ ವ್ಯತ್ಯಾಸ ಎರಡೇ. ಒಂದು ಸೆನ್ಸರಿನ ಗಾತ್ರ. ಇನ್ನೊಂದು, ಲೆನ್ಸ್ ಬಿಚ್ಚಿ ಬೇರೆಯದನ್ನು ಹಾಕಲು ಆಗುತ್ತದೋ ಇಲ್ಲವೋ ಎಂಬುದು.

ಸೆನ್ಸರಿನ ಗಾತ್ರದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅಗ್ಗದ ಕಾಂಪ್ಯಾಕ್ಟ್‌ಗಳ ಸೆನ್ಸರ್ ಸುಮಾರು 28 ಚದರ ಮಿಲಿಮೀಟರ್, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ‘ಒಂದಿಂಚು’ ಎಂದು ಕರೆಯುವ ಸೆನ್ಸರ್ 13.2 x 8.8 ಮಿಲಿಮೀಟರ್, ಅಂದರೆ ಸುಮಾರು 116 ಚದರ ಮಿಲಿಮೀಟರ್. ಅದರ ಯಾವ ಬದಿಯೂ ಒಂದು ಇಂಚಿಲ್ಲ. ಹಳೆಯ ಟಿವಿ ಕ್ಯಾಮೆರಾ ಟ್ಯೂಬುಗಳ ಕಾಲದ ಅಳತೆಯ ಹೆಸರು ಹಾಗೇ ಉಳಿದುಕೊಂಡಿದೆ. ವಿದ್ಯಾರ್ಥಿಗಳು ಕೊಳ್ಳುವ ಮಿರರ್‌ಲೆಸ್‌ಗಳಲ್ಲಿ ಹೆಚ್ಚಾಗಿ ಎಪಿಎಸ್-ಸಿ ಸೆನ್ಸರ್ ಇರುತ್ತದೆ. ಕೆನಾನ್‌ನದಾದರೆ ಸುಮಾರು 332 ಚದರ ಮಿಲಿಮೀಟರ್. ಫುಲ್‌ಫ್ರೇಮ್ 864. ಸೆನ್ಸರ್ ದೊಡ್ಡದಾದಷ್ಟೂ ಒಟ್ಟು ಬೆಳಕು ಹೆಚ್ಚು ಬೀಳುತ್ತದೆ, ಕತ್ತಲಲ್ಲಿ ತೆಗೆದ ಫೋಟೊದಲ್ಲಿ ಕಾಳುಕಾಳು ಕಡಿಮೆಯಾಗುತ್ತದೆ. ಇಲ್ಲಿಯವರೆಗೆ ರಿವ್ಯೂ ವಿಡಿಯೊಗಳು ಹೇಳುವುದು ಸರಿಯೇ.

ಲೆಕ್ಕ ಬೇರೆಯೇ ಹೇಳುತ್ತದೆ

ಅವು ಅಲ್ಲಿಗೇ ನಿಲ್ಲಿಸಿಬಿಡುತ್ತವೆ. ಸೆನ್ಸರ್ ಎಂಬುದು ಮಳೆನೀರು ಹಿಡಿಯಲು ಅಂಗಳದಲ್ಲಿಟ್ಟ ಪಾತ್ರೆ ಇದ್ದ ಹಾಗೆ. ಪಾತ್ರೆ ಅಗಲವಿದ್ದರೆ ಸಾಲದು, ಮಳೆಯೂ ಜೋರಾಗಿ ಬರಬೇಕು. ಎಷ್ಟು ಜೋರು ಎಂಬುದನ್ನು ಲೆನ್ಸಿನ ಎಫ್ ಸಂಖ್ಯೆ ಹೇಳುತ್ತದೆ. ಆ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಷಟರ್ ವೇಗ ಒಂದೇ ಇದ್ದಾಗ ಸೆನ್ಸರಿಗೆ ಸಿಗುವ ಒಟ್ಟು ಬೆಳಕನ್ನು ಹೋಲಿಸಲು ಸುಲಭ ದಾರಿ ಇದೆ: ಸೆನ್ಸರಿನ ವಿಸ್ತೀರ್ಣವನ್ನು ಎಫ್ ಸಂಖ್ಯೆಯ ವರ್ಗದಿಂದ ಭಾಗಿಸುವುದು.

ನಮ್ಮ ಹಾಸ್ಟೆಲಿನಲ್ಲಿ ಎಲ್ಲರ ಬಾಯಲ್ಲಿರುವ ಕೆನಾನ್ ಆರ್50 ತೆಗೆದುಕೊಳ್ಳೋಣ. 2023ರಲ್ಲಿ ಬಂದ ಮಿರರ್‌ಲೆಸ್, 24 ಮೆಗಾಪಿಕ್ಸೆಲ್. ಜೊತೆಗೆ ಬರುವ ಕಿಟ್ ಲೆನ್ಸ್ 18ರಿಂದ 45 ಮಿಲಿಮೀಟರಿನದು, ಎಫ್ ಸಂಖ್ಯೆ 4.5ರಿಂದ 6.3. ಇದರ ಎದುರಿಗೆ ಸೋನಿ ಆರ್‌ಎಕ್ಸ್100 ಮಾರ್ಕ್ 3 ಇಡೋಣ. 2014ರ ಕಾಂಪ್ಯಾಕ್ಟ್, 20 ಮೆಗಾಪಿಕ್ಸೆಲ್, ಒಂದಿಂಚಿನ ಸೆನ್ಸರ್, ಲೆನ್ಸಿನ ಎಫ್ ಸಂಖ್ಯೆ 1.8ರಿಂದ 2.8. ಜೂಮ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಹರವಿನದು.

ಲೆಕ್ಕ ಹಾಕಿ. ಜೂಮ್ ಮಾಡದೆ ಅಗಲವಾಗಿ ತೆಗೆಯುವಾಗ ಕೆನಾನ್‌ನದು 332 ಭಾಗಿಸು 20.25, ಅಂದರೆ ಸುಮಾರು 16. ಸೋನಿಯದು 116 ಭಾಗಿಸು 3.24, ಅಂದರೆ ಸುಮಾರು 36. ಪೂರ್ತಿ ಜೂಮ್ ಮಾಡಿದಾಗ ಕೆನಾನ್ ಸುಮಾರು 8.4, ಸೋನಿ ಸುಮಾರು 14.8. ಮೂರನೇ ಒಂದು ಭಾಗದಷ್ಟು ಸೆನ್ಸರ್ ಇರುವ, ಒಂಬತ್ತು ವರ್ಷ ಹಿಂದಿನ ಪುಟ್ಟ ಕ್ಯಾಮೆರಾ ಒಂದು ಕಡೆ ಎರಡು ಪಟ್ಟಿಗಿಂತ ಹೆಚ್ಚು, ಇನ್ನೊಂದು ಕಡೆ ಒಂದೂಮುಕ್ಕಾಲು ಪಟ್ಟು ಬೆಳಕು ಹಿಡಿಯುತ್ತದೆ! ಹೊಸ ಸೆನ್ಸರಿನ ಗುಣಮಟ್ಟ ಈ ಅಂತರವನ್ನು ಸ್ವಲ್ಪ ತಗ್ಗಿಸಬಹುದು. ಆದರೂ ‘ದೊಡ್ಡ ಸೆನ್ಸರ್, ಆದ್ದರಿಂದ ರಾತ್ರಿ ಫೋಟೊ ಚೆನ್ನಾಗಿ ಬರುತ್ತೆ’ ಎಂಬ ಮಾತು ಕಿಟ್ ಲೆನ್ಸಿನ ಮಟ್ಟಿಗೆ ನಿಲ್ಲುವುದಿಲ್ಲ. ತೂಕವನ್ನೂ ನೋಡಿ. ಸೋನಿ 290 ಗ್ರಾಂ, ಪ್ಯಾಂಟಿನ ಜೇಬಿಗೆ ಹೋಗುತ್ತದೆ. ಕೆನಾನ್ ಲೆನ್ಸ್ ಸೇರಿ 500 ಗ್ರಾಂ ದಾಟುತ್ತದೆ, ಬ್ಯಾಗ್ ಬೇಕೇ ಬೇಕು.

ಈಗ ಅದೇ ಕೆನಾನ್‌ಗೆ 50 ಮಿಲಿಮೀಟರಿನ ಎಫ್ 1.8 ಲೆನ್ಸ್ ಹಾಕಿ. 332 ಭಾಗಿಸು 3.24, ಅಂದರೆ 102! ಪೂರ್ತಿ ಜೂಮ್ ಮಾಡಿದ ಸೋನಿಗಿಂತ ಸುಮಾರು ಏಳು ಪಟ್ಟು ಬೆಳಕು. ಮುಖ ಸ್ಪಷ್ಟ, ಹಿನ್ನೆಲೆ ಬೆಣ್ಣೆಯಂತೆ ಕರಗಿರುತ್ತದೆ. ಕಾಂಪ್ಯಾಕ್ಟ್ ತಲೆಕೆಳಗಾಗಿ ನಿಂತರೂ ಇದನ್ನು ಮಾಡಲಾರದು. ಮಿರರ್‌ಲೆಸ್‌ನ ಶಕ್ತಿಯೆಲ್ಲ ಇರುವುದು ಈ ಎರಡನೇ ಲೆನ್ಸಿನಲ್ಲಿ. ನಮ್ಮೂರು ತಿಪಟೂರಿನ ಕಡೆ ಸ್ಟುಡಿಯೊ ಇಟ್ಟುಕೊಂಡಿರುವ ಅಣ್ಣನೊಬ್ಬರನ್ನು ಯಾವ ಬಾಡಿ ಒಳ್ಳೆಯದು ಎಂದು ಕೇಳಿದ್ದೆ. ಅವರು ಒಂದೇ ಮಾತು ಹೇಳಿದರು: ‘ಬಾಡಿ ಯಾವ್ದಾದ್ರೂ ಆಗುತ್ತೆ ಕಣಪ್ಪ, ಎರಡನೇ ಲೆನ್ಸಿಗೆ ದುಡ್ಡಿದ್ಯಾ ನೋಡ್ಕೊ.’

ಯಾರಿಗೆ ಮಿರರ್‌ಲೆಸ್ ಬೇಕು?

ಹಾಗಂತ ಮಿರರ್‌ಲೆಸ್ ದಂಡ ಎಂದು ನಾನು ಹೇಳುತ್ತಿಲ್ಲ. ಕೆಲವು ಕೆಲಸಗಳಿಗೆ ಅದೇ ಆಗಬೇಕು. ರಂಗನತಿಟ್ಟಿಗೆ ಹೋಗಿ ಹಕ್ಕಿ ತೆಗೆಯುವ ಆಸೆ ಇದ್ದರೆ 400 ಮಿಲಿಮೀಟರಿನವರೆಗೆ ಎಳೆಯುವ ಲೆನ್ಸ್ ಬೇಕು. ಜೇಬಿನ ಕಾಂಪ್ಯಾಕ್ಟಿನಲ್ಲಿ ತೆಗೆದರೆ ಕೊಕ್ಕರೆ ಮರದ ಮೇಲಿನ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. ಹೊನಲು ಬೆಳಕಿನ ಕಬಡ್ಡಿ ತೆಗೆಯಬೇಕೆಂದರೆ ಷಟರ್ 1/500 ಸೆಕೆಂಡಿನಷ್ಟು ವೇಗವಾಗಿರಬೇಕು, ಫೋಕಸ್ ಆಟಗಾರನ ಬೆನ್ನು ಬಿಡದೆ ಓಡಬೇಕು. ಆರ್50ಯಂಥ ಹೊಸ ಮಿರರ್‌ಲೆಸ್‌ಗಳು ಮನುಷ್ಯರ, ಪ್ರಾಣಿಗಳ ಕಣ್ಣನ್ನು ತಾವೇ ಗುರುತಿಸಿ ಹಿಂಬಾಲಿಸುತ್ತವೆ. ಹಳೆಯ ಕಾಂಪ್ಯಾಕ್ಟ್‌ಗಳು ಅಲ್ಲಿ ತಡಬಡಾಯಿಸುತ್ತವೆ. ಯೂಟ್ಯೂಬ್‌ಗೆ ಮಾತಾಡುವ ವಿಡಿಯೊ ಮಾಡುವವರಿಗೆ ಮೈಕ್ ಸಿಕ್ಕಿಸುವ ಕಿಂಡಿ ಬೇಕು. ಅದು ಆರ್50ಯಲ್ಲಿದೆ, ಆರ್‌ಎಕ್ಸ್100 ಮಾರ್ಕ್ 3ರಲ್ಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಬೇಲೂರಿನ ಚೆನ್ನಕೇಶವ ಗುಡಿಯ ನವರಂಗದೊಳಗೆ ಮಬ್ಬುಗತ್ತಲು. ಆದರೆ ಅಲ್ಲಿನ ಕಂಬಗಳೂ ಮದನಿಕೆಯರೂ ಓಡಿಹೋಗುವುದಿಲ್ಲವಲ್ಲ! ಷಟರನ್ನು ನಿಧಾನ ಮಾಡಿ, ಕಂಬಕ್ಕೆ ಒರಗಿಕೊಂಡು, ಕೈ ನಡುಗುವುದನ್ನು ಸರಿಪಡಿಸುವ ಸೌಲಭ್ಯವಿರುವ ಕಾಂಪ್ಯಾಕ್ಟಿನಲ್ಲಿ ತೆಗೆದರೆ ಚಿತ್ರ ಸೊಗಸಾಗಿ ಬರುತ್ತದೆ. ಪ್ರವಾಸ, ಮನೆಯವರು, ಊರಹಬ್ಬ, ಕಾಲೇಜಿನ ಓಡಾಟ ಇಷ್ಟೇ ನಿಮ್ಮ ಲೋಕವಾದರೆ ಒಳ್ಳೆಯ ಕಾಂಪ್ಯಾಕ್ಟ್ ಧಾರಾಳ ಸಾಕು. ಫೋನಿನ ಡಿಜಿಟಲ್ ಜೂಮ್ ಚಿತ್ರವನ್ನು ಕತ್ತರಿಸಿ ಹಿಗ್ಗಿಸುತ್ತದೆ, ಕಾಂಪ್ಯಾಕ್ಟ್ ಗಾಜಿನಿಂದಲೇ ಜೂಮ್ ಮಾಡುತ್ತದೆ. ಆದರೆ ಉಗುರಿನಷ್ಟು ಸೆನ್ಸರಿನ ಅಗ್ಗದ ಕಾಂಪ್ಯಾಕ್ಟ್ ಮಾತ್ರ ಬೇಡ. ಆ ಕೆಲಸವನ್ನು ನಿಮ್ಮ ಫೋನೇ ಮಾಡುತ್ತದೆ. ಈ ಕಾರಣಕ್ಕೇ ಆ ಮಾರುಕಟ್ಟೆ ಮುಳುಗಿದ್ದು. ಜಪಾನಿನ ಕ್ಯಾಮೆರಾ ಉದ್ಯಮದ ಸಂಘಟನೆಯಾದ ಸಿಐಪಿಎ ಲೆಕ್ಕದಲ್ಲಿ 2010ರಲ್ಲಿ ಕಾರ್ಖಾನೆಗಳಿಂದ ಹೊರಬಿದ್ದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು, ಬಹುಪಾಲು ಕಾಂಪ್ಯಾಕ್ಟ್‌ಗಳೇ. 2023ರಲ್ಲಿ ಎಲ್ಲ ಬಗೆಯವೂ ಸೇರಿ 80 ಲಕ್ಷವೂ ಇರಲಿಲ್ಲ.

ಇನ್‌ಸ್ಟಾಗ್ರಾಂ ನೋಡಿ ಹಳೆಯ ಡಿಜಿಕ್ಯಾಮ್ ಹುಡುಕುತ್ತಿರುವವರಿಗೂ ಒಂದು ಮಾತು. ಆ ‘ವಿಂಟೇಜ್ ಲುಕ್’ ಬಹುಪಾಲು ಬರುವುದು ಅದರ ಚಿಕ್ಕ ಝೆನಾನ್ ಫ್ಲ್ಯಾಷ್‌ನಿಂದ, ಕ್ಯಾಮೆರಾ ಬಣ್ಣ ಬೆರೆಸುವ ರೀತಿಯಿಂದ. ಬೀರುವಿನಲ್ಲಿ ಅಪ್ಪನದೋ ಮಾವನದೋ ಇದ್ದರೆ ತೆಗೆದು ಚಾರ್ಜ್ ಮಾಡಿ ನೋಡಿ. ದುಡ್ಡು ಕೊಟ್ಟು ಕೊಳ್ಳುವುದಾದರೆ ಬ್ಯಾಟರಿ, ಚಾರ್ಜರ್, ಮೆಮೊರಿ ಕಾರ್ಡ್ ಈಗಲೂ ಸಿಗುತ್ತವೆಯೇ ಎಂದು ಮೊದಲು ವಿಚಾರಿಸಿ. ಲೆನ್ಸ್ ಒಳಗೆ ಹೊರಗೆ ಸಲೀಸಾಗಿ ಸರಿಯಬೇಕು. ಅದರೊಳಗೆ ದೂಳು, ಮರಳು ಸೇರಿಕೊಂಡಿದ್ದರೆ ರಿಪೇರಿ ಮಾಡುವವರು ಸಿಗುವುದೇ ಕಷ್ಟ.

ದುಡ್ಡು ಯಾರದು?

ನನಗೆ ನಿಜವಾಗಿ ಕಾಡುವುದು ಇದು. ಅಂಗಡಿಯಲ್ಲಿ ವಿಚಾರಿಸಿದರೆ ಕಿಟ್ ಲೆನ್ಸ್ ಸಮೇತ ಮಿರರ್‌ಲೆಸ್‌ಗೆ ಅರವತ್ತರಿಂದ ಎಂಬತ್ತು ಸಾವಿರ ಹೇಳುತ್ತಾರೆ. ಎಪ್ಪತ್ತು ಸಾವಿರ ಎಂದಿಟ್ಟುಕೊಂಡು ಹನ್ನೆರಡು ಕಂತು ಮಾಡಿದರೆ, ಬಡ್ಡಿ ಬಿಟ್ಟೇ ತಿಂಗಳಿಗೆ 5,800 ರೂಪಾಯಿಗೂ ಹೆಚ್ಚು. ಅದು ನನ್ನ ಹಾಸ್ಟೆಲಿನ ತಿಂಗಳ ಊಟದ ಬಿಲ್ಲಿಗಿಂತ ಜಾಸ್ತಿ. ಖರ್ಚು ಅಲ್ಲಿಗೆ ಮುಗಿಯುವುದಿಲ್ಲ. ಇನ್ನೊಂದು ಬ್ಯಾಟರಿ, ಕಾರ್ಡ್, ಬ್ಯಾಗ್ ಬೇಕು. ಮಲೆನಾಡಿನವರಾದರೆ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಬೇಕು. ಆಮೇಲೆ ಆ ಎರಡನೇ ಲೆನ್ಸ್. ನಮ್ಮಲ್ಲಿ ಹೆಚ್ಚಿನವರ ಮಟ್ಟಿಗೆ ಈ ದುಡ್ಡು ಮನೆಯಿಂದ ಬರಬೇಕು. ನಮ್ಮ ಮನೆಯಲ್ಲಾದರೆ ಅಪ್ಪನ ಕೊಬ್ಬರಿ ದುಡ್ಡು. ಕೊಬ್ಬರಿ ರೇಟು ಏರುವುದೂ ಇಳಿಯುವುದೂ ನಮ್ಮ ಕೈಯಲ್ಲಿಲ್ಲ, ಕಾಲೇಜಿನ ಫೀಸು ಕಟ್ಟುವ ತಾರೀಕು ಮಾತ್ರ ಬದಲಾಗುವುದಿಲ್ಲ.

‘ಕ್ಯಾಮೆರಾ ಇದ್ದರೆ ಮದುವೆ ಫೋಟೊ ತೆಗೆದು ದುಡಿಯಬಹುದಲ್ಲ’ ಎಂದು ಕೆಲಸ ಹುಡುಕುತ್ತಿರುವ ಸೀನಿಯರ್‌ಗಳು ಹೇಳುತ್ತಾರೆ. ದುಡಿಯಬಹುದು, ನಿಜ. ಆದರೆ ಮಾಂಗಲ್ಯಧಾರಣೆ ಎರಡನೇ ಸಲ ನಡೆಯುವುದಿಲ್ಲ. ಕಾರ್ಡ್ ಕೈಕೊಟ್ಟರೆ ಗತಿಯೇನು ಎಂದು ವೃತ್ತಿಯವರು ಎರಡು ಕಾರ್ಡ್ ಹಾಕುವ ಬಾಡಿ ಇಟ್ಟುಕೊಳ್ಳುತ್ತಾರೆ. ಆರ್50ಯಲ್ಲಿ ಕಾರ್ಡಿಗೆ ಇರುವುದು ಒಂದೇ ಜಾಗ. ಆ ದಾರಿಯಲ್ಲಿ ಹೋಗಬೇಕೆನ್ನುವವರು ಮೊದಲು ಒಂದು ಸೀಸನ್ ಯಾವುದಾದರೂ ಸ್ಟುಡಿಯೊದವರ ಜೊತೆ ಸಹಾಯಕರಾಗಿ ಹೋಗಲಿ. ಅವರ ಕ್ಯಾಮೆರಾದಲ್ಲೇ ಕೈ ಪಳಗುತ್ತದೆ. ಕೆಲಸ ಇಷ್ಟವಾಗದಿದ್ದರೆ ಸಾಲವಾದರೂ ತಲೆ ಮೇಲಿರುವುದಿಲ್ಲ. ಊರಿನ ಸ್ಟುಡಿಯೊಗಳಲ್ಲಿ, ದೊಡ್ಡ ನಗರಗಳಲ್ಲಿ ಲೆನ್ಸ್ ಬಾಡಿಗೆಗೂ ಸಿಗುತ್ತದೆ. ನಾಲ್ಕು ದಿನ ಬಾಡಿಗೆಗೆ ತಂದು ನೋಡಿದರೆ ಬೇಕೋ ಬೇಡವೋ ಗೊತ್ತಾಗುತ್ತದೆ.

ಕಾಲೇಜುಗಳೂ ಇದರಲ್ಲಿ ತಮ್ಮ ಪಾಲಿನ ಕೆಟ್ಟ ಕೆಲಸ ಮಾಡುತ್ತಿವೆ. ಫೆಸ್ಟ್‌ಗಳ ಫೋಟೊಗ್ರಫಿ ಸ್ಪರ್ಧೆಯ ಪೋಸ್ಟರ್‌ನಲ್ಲಿ ‘ಡಿಎಸ್‌ಎಲ್‌ಆರ್, ಮಿರರ್‌ಲೆಸ್ ಮಾತ್ರ’ ಎಂಬ ಸಾಲನ್ನು ನಾನೇ ನೋಡಿದ್ದೇನೆ. ನನ್ನ ಕ್ಲಾಸಿನ ಗೆಳತಿಯೊಬ್ಬಳು ಅವರ ಮಾವನ ಹಳೆಯ ಕಾಂಪ್ಯಾಕ್ಟಿನಲ್ಲಿ ಸಂತೆಯ ಚಿತ್ರಗಳನ್ನು ತೆಗೆಯುತ್ತಾಳೆ. ಬೆಲ್ಲದ ಅಂಗಡಿಯಜ್ಜ, ತಕ್ಕಡಿ, ಮೊಣಕಾಲಿನ ಮೇಲೆ ನಿದ್ದೆ ಹೋದ ಮಗು. ದೊಡ್ಡ ಕ್ಯಾಮೆರಾ ಕಂಡರೆ ಎದ್ದು ನಿಂತು ಪೋಸ್ ಕೊಡುವ ಜನ, ಇವಳ ಪುಟ್ಟ ಕ್ಯಾಮೆರಾದ ಮುಂದೆ ತಮ್ಮ ಪಾಡಿಗೆ ತಾವು ಇರುತ್ತಾರೆ. ಆ ಒಂದು ಸಾಲು ಓದಿ ಅವಳು ಹೆಸರು ಕೊಡಲಿಲ್ಲ. ಸ್ಪರ್ಧೆ ಫೋಟೊಗೋ, ಕ್ಯಾಮೆರಾದ ಬಿಲ್ಲಿಗೋ? ಸಂಘಟಕರು ಆ ನಿಯಮ ತೆಗೆದುಹಾಕಬೇಕು. ಫೋನಿಗೊಂದು, ಕ್ಯಾಮೆರಾಗೊಂದು ವಿಭಾಗ ಮಾಡಲಿ, ಕ್ಯಾಮೆರಾ ಯಾವುದೆಂದು ಕೇಳದಿರಲಿ. ಕಾಲೇಜಿನ ಫೋಟೊಗ್ರಫಿ ಕ್ಲಬ್ಬು ಒಂದು ಮಿರರ್‌ಲೆಸ್, ಎರಡು ಲೆನ್ಸ್ ಕೊಂಡು ಲೈಬ್ರರಿ ಪುಸ್ತಕದ ಹಾಗೆ ಸರದಿಯಲ್ಲಿ ಕೊಟ್ಟರೆ ಇಡೀ ಬ್ಯಾಚಿಗೆ ಕಲಿಯಲು ಸಿಗುತ್ತದೆ.

ಕ್ಯಾಮೆರಾ ಕೊಳ್ಳುವ ಯೋಚನೆಯಲ್ಲಿರುವ ಗೆಳೆಯರೇ, ಮೂರು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಮುಂದಿನ ಆರು ತಿಂಗಳಲ್ಲಿ ಏನನ್ನು ತೆಗೆಯುತ್ತೀರಿ? ಅದಕ್ಕೆ ಬೇಕಾದ ಎರಡನೇ ಲೆನ್ಸ್ ಯಾವುದು, ಅದರ ದುಡ್ಡು ಎಲ್ಲಿಂದ ಬರುತ್ತದೆ? ದಿನವೂ ಅದನ್ನು ಜೊತೆಗೆ ಒಯ್ಯುತ್ತೀರಾ? ಮೂರಕ್ಕೂ ಗಟ್ಟಿ ಉತ್ತರವಿದ್ದರೆ ಮಿರರ್‌ಲೆಸ್ ತೆಗೆದುಕೊಳ್ಳಿ, ಹಿಂದೆಮುಂದೆ ನೋಡಬೇಡಿ. ಎರಡನೆಯದಕ್ಕೆ ಉತ್ತರವಿಲ್ಲದಿದ್ದರೆ ಒಂದಿಂಚಿನ ಸೆನ್ಸರಿನ ಕಾಂಪ್ಯಾಕ್ಟ್ ನೋಡಿ. ಹೊಸದರ ಬೆಲೆ ಮಿರರ್‌ಲೆಸ್‌ಗಿಂತ ಕಡಿಮೆಯೇನೂ ಇರುವುದಿಲ್ಲ, ಆದ್ದರಿಂದ ನಂಬಿಕಸ್ಥರಿಂದ ಸೆಕೆಂಡ್‌ಹ್ಯಾಂಡ್ ಹುಡುಕಿ. ಮೊದಲನೆಯದಕ್ಕೇ ಉತ್ತರವಿಲ್ಲದಿದ್ದರೆ ಸದ್ಯಕ್ಕೆ ಫೋನಿನಲ್ಲೇ ತೆಗೆಯುತ್ತಿರಿ. ಮನೆಯ ದುಡ್ಡು ಮನೆಯಲ್ಲಿರಲಿ.